ಹಳೆ ಕುರ್ಚಿಗೆ ಹೊಸ ಬಟ್ಟೆ: ಹೊಲಿಗೆ ಬಾರದವರೂ ಮಾಡಬಹುದು

ಕಾಲು, ಬೆನ್ನು ಎಲ್ಲ ಗಟ್ಟಿಯಾಗಿದ್ದರೂ ಸೀಟಿನ ಬಟ್ಟೆ ಹರಿದ ಒಂದೇ ಕಾರಣಕ್ಕೆ ಮೂಲೆ ಸೇರುವ ಕುರ್ಚಿಗಳು ಬಹಳ. ಬಟ್ಟೆ ಬದಲಿಸಿದರೆ ಅವು ಮತ್ತೆ ಬಳಕೆಗೆ ಬರುತ್ತವೆ. ಆದರೆ ಉತ್ಸಾಹದಲ್ಲಿ ಮೊದಲೇ ಸೋಫಾಗೆ ಕೈ ಹಾಕಬೇಡಿ. ಅದರ ಸ್ಪ್ರಿಂಗು, ಹೊಲಿಗೆಗಳ ಲೆಕ್ಕವೇ ಬೇರೆ. ಊಟದ ಮೇಜಿನ ಕುರ್ಚಿಯಿಂದ ಶುರು ಮಾಡಿ. ಅದರ ಸೀಟು ಸಾಮಾನ್ಯವಾಗಿ ಬಿಚ್ಚಿ ತೆಗೆಯಬಹುದಾದ ಹಲಗೆ. ಸೂಜಿ ದಾರ ಮುಟ್ಟುವ ಅಗತ್ಯವೇ ಇಲ್ಲ.

ಸ್ಕ್ರೂಡ್ರೈವರ್, ಇಕ್ಕಳ, ಹರಿತವಾದ ಕತ್ತರಿ, ಮರಕ್ಕೆ ಪಿನ್ನು ಹೊಡೆಯುವ ಸ್ಟೇಪಲ್ ಗನ್ ಇಟ್ಟುಕೊಳ್ಳಿ. ಕಾಗದಕ್ಕೆ ಹೊಡೆಯುವ ಸ್ಟೇಪ್ಲರ್ ನಡೆಯುವುದಿಲ್ಲ. ಪಿನ್ನು 8ರಿಂದ 10 ಮಿ.ಮೀ. ಉದ್ದವಿದ್ದರೆ ಸಾಕು, ಹಲಗೆಯ ದಪ್ಪವನ್ನು ಮೀರಬಾರದು, ಅಷ್ಟೆ.

ಬಟ್ಟೆ ಆರಿಸುವಾಗ ಬಣ್ಣಕ್ಕೆ ಮೊದಲೇ ಮನಸೋಲಬೇಡಿ. ದಪ್ಪ ಹತ್ತಿ, ಕ್ಯಾನ್ವಾಸ್, ಸೋಫಾಗೆಂದೇ ನೇಯ್ದ ಬಟ್ಟೆ ಒಳ್ಳೆಯವು. ರಬ್ಬರಿನಂತೆ ಹಿಗ್ಗುವ ಬಟ್ಟೆ ಕೂತೂ ಕೂತೂ ಸಡಿಲವಾಗುತ್ತದೆ. ತೆಳು ಬಟ್ಟೆ ಬೇಗ ಸವೆಯುತ್ತದೆ. ಹತ್ತಿ ಬಟ್ಟೆಯಾದರೆ ಒಮ್ಮೆ ಒಗೆದು, ಇಸ್ತ್ರಿ ಮಾಡಿಯೇ ಕತ್ತರಿಸಿ, ಕುಗ್ಗುವುದೆಲ್ಲ ಮೊದಲೇ ಕುಗ್ಗಿಬಿಡಲಿ. ಪಟ್ಟೆ, ಚೌಕುಳಿ ನೋಡಲು ಚೆಂದ, ಆದರೆ ಎಳೆ ಕಾಲಂಗುಲ ವಾರೆಯಾದರೂ ಎಲ್ಲರ ಕಣ್ಣಿಗೂ ಬೀಳುತ್ತದೆ. ಮೊದಲ ಸಲಕ್ಕೆ ಸಣ್ಣ ಹೂಬಳ್ಳಿಯ ಬಟ್ಟೆಯೇ ಕ್ಷೇಮ.

ಇನ್ನು ಕೆಲಸ. ಕುರ್ಚಿಯನ್ನು ಬೋರಲು ಹಾಕಿ, ಸೀಟಿನ ಅಡಿಯ ಸ್ಕ್ರೂಗಳನ್ನು ಬಿಚ್ಚಿ ಒಂದು ಬಟ್ಟಲಿಗೆ ಹಾಕಿಡಿ. ಮತ್ತೆ ಅವನ್ನೇ ಬಳಸಬೇಕು. ಉದ್ದದ ಬೇರೆ ಸ್ಕ್ರೂ ಹಾಕಿದರೆ ತುದಿ ಹಲಗೆ ದಾಟಿ ಕೂತವರಿಗೆ ಚುಚ್ಚೀತು. ಹಳೆ ಪಿನ್ನುಗಳನ್ನು ಸ್ಕ್ರೂಡ್ರೈವರಿನಿಂದ ಮೀಟಿ, ಇಕ್ಕಳದಿಂದ ಕಿತ್ತುಹಾಕಿ. ಬೇಸರದ ಕೆಲಸವೇನೋ ಹೌದು. ಹಾಗೆಂದು ಹಳೆ ಬಟ್ಟೆಯ ಮೇಲೇ ಹೊಸದನ್ನು ಹೊದಿಸಿದರೆ ಸೀಟು ದಪ್ಪವಾಗಿ ಚೌಕಟ್ಟಿನೊಳಗೆ ಕೂರುವುದಿಲ್ಲ. ಕಿತ್ತ ಬಟ್ಟೆಯನ್ನು ಎಸೆಯಬೇಡಿ, ಅದೇ ನಿಮ್ಮ ಅಳತೆ.

ಸ್ಪಂಜನ್ನು ಒತ್ತಿ ನೋಡಿ. ಕೈ ತೆಗೆದೊಡನೆ ಮೇಲೆದ್ದರೆ ಇನ್ನೂ ಬಾಳುತ್ತದೆ. ಗುಳಿ ಉಳಿದರೆ, ಪುಡಿ ಉದುರಿದರೆ, ಅದೇ ದಪ್ಪದ ಹೊಸದನ್ನು ತನ್ನಿ. ಅದರ ಮೇಲೆ ದಿಂಬಿಗೆ ತುಂಬುವಂಥ ಪಾಲಿಯೆಸ್ಟರ್ ನಾರಿನ ತೆಳು ಹಾಳೆ ಹಾಸಿದರೆ ಅಂಚುಗಳು ದುಂಡಗೆ ಕಾಣುತ್ತವೆ.

ಹಲಗೆ, ಸ್ಪಂಜಿನ ದಪ್ಪ ಸೇರಿಸಿ, ಸುತ್ತಲೂ 3 ಇಂಚು ಹೆಚ್ಚು ಬಿಟ್ಟು ಬಟ್ಟೆ ಕತ್ತರಿಸಿ. ಬಟ್ಟೆಯನ್ನು ಮಗುಚಿ ಹಾಸಿ, ಅದರ ಮೇಲೆ ಸ್ಪಂಜು, ಅದರ ಮೇಲೆ ಹಲಗೆ ಇಡಿ.

ಅಂದ ನಿಲ್ಲುವುದು ಪಿನ್ನು ಹೊಡೆಯುವ ಕ್ರಮದಲ್ಲಿ. ಒಂದು ಮೂಲೆಯಿಂದ ಶುರುಮಾಡಿ ಸುತ್ತಿ ಬಂದರೆ ಬಟ್ಟೆ ಖಂಡಿತ ಸೊಟ್ಟಗಾಗುತ್ತದೆ. ಮುಂದಿನ ಅಂಚಿನ ನಡುವೆ ಒಂದು ಪಿನ್ನು, ಬಟ್ಟೆ ಎಳೆದು ಹಿಂದಿನ ಅಂಚಿನ ನಡುವೆ ಇನ್ನೊಂದು. ಆಮೇಲೆ ಎಡಬಲಗಳ ನಡುವೆ ಒಂದೊಂದು. ಈಗ ತಿರುಗಿಸಿ ನೋಡಿ. ವಿನ್ಯಾಸ ನೇರವಾಗಿದೆಯೇ? ಇಲ್ಲದಿದ್ದರೆ ನಾಲ್ಕೇ ಪಿನ್ನು, ಕೀಳುವುದು ಸುಲಭ. ಸರಿಯಿದ್ದರೆ ನಡುವಿನಿಂದ ಮೂಲೆಗಳತ್ತ ಇಂಚಿಗೊಂದರಂತೆ ಹೊಡೆಯುತ್ತಾ ಹೋಗಿ, ಮೂಲೆಗೆ 2 ಇಂಚು ಇರುವಾಗ ನಿಲ್ಲಿಸಿ. ಬಟ್ಟೆ ಬಿಗಿಯಾಗಿರಲಿ, ಆದರೆ ಸ್ಪಂಜಿನ ಅಂಚು ಹಿಸುಕಿಹೋಗುವಷ್ಟಲ್ಲ.

ಮೂಲೆಯ ತುದಿಯನ್ನು ಹಲಗೆಯ ಮಧ್ಯದತ್ತ ಎಳೆದು ಒಂದು ಪಿನ್ನು ಹೊಡೆಯಿರಿ. ಎರಡೂ ಬದಿಗೆ ಉಳಿದ ಬಟ್ಟೆಯನ್ನು ಸೀರೆಯ ನೆರಿಗೆಯಂತೆ ಮಡಿಸಿ ಭದ್ರಪಡಿಸಿ. ಮಡಿಕೆ ಅಡಿಭಾಗದಲ್ಲೇ ಅಡಗಬೇಕು, ಮೇಲೆ ಸುಕ್ಕು ಕಂಡರೆ ಬಿಚ್ಚಿ ಮತ್ತೆ ಎಳೆಯಿರಿ. ಕೊನೆಗೆ ಹೆಚ್ಚಿನ ಬಟ್ಟೆ ಕತ್ತರಿಸಿ, ಸ್ಕ್ರೂ ತೂತುಗಳು ಮುಚ್ಚಿಲ್ಲವೆಂದು ನೋಡಿಕೊಂಡು ಸೀಟನ್ನು ಜೋಡಿಸಿ.

ಬಟ್ಟೆ ಮಿಕ್ಕಿತೇ? ಪುಸ್ತಕದ ಕಪಾಟಿನ ಹಿಂಬದಿಯ ಅಳತೆಗಿಂತ ಚೂರು ಚಿಕ್ಕದಾಗಿ ದಪ್ಪ ರಟ್ಟು ಕತ್ತರಿಸಿ, ಅದಕ್ಕೆ ಬಟ್ಟೆ ಸುತ್ತಿ, ರಟ್ಟಿನ ಹಿಂದೆ ಅಂಟಿಸಿ ಕಪಾಟಿನೊಳಗೆ ಸಿಕ್ಕಿಸಿ. ಮರಕ್ಕೆ ಅಂಟು ತಾಗದ ಕಾರಣ ಬೇಕೆಂದಾಗ ತೆಗೆದು ಬೇರೆ ಬಟ್ಟೆ ಹಾಕಬಹುದು.