ಕಾರ್ಬನ್ ಸರಪಳಿ ಬರೆಯುವುದು ಹೇಗೆ? ಮೀಥೇನ್‌ನಿಂದ ಪಾಲಿಥೀನ್‌ವರೆಗೆ

ಸಾವಯವ ರಸಾಯನಶಾಸ್ತ್ರ ಎಂದರೆ ಬರೀ ಬಾಯಿಪಾಠ ಎಂದು ತುಂಬಾ ಜನ ನಂಬಿದ್ದಾರೆ. ಮೀಥೇನ್, ಈಥೇನ್, ಪ್ರೊಪೇನ್ ಎಂದು ಪಟ್ಟಿ ಉರು ಹೊಡೆಯುತ್ತಾರೆ. ಪರೀಕ್ಷೆ ಮುಗಿದ ಮೇಲೆ ಅದೂ ಮರೆತುಹೋಗುತ್ತದೆ. ಅದರ ಬದಲು ಅಣುವಿನ ಚಿತ್ರ ಬರೆಯಲು ಕಲಿಯಿರಿ. ಅಡುಗೆ ಅನಿಲ ಯಾಕೆ ಅನಿಲ, ಪೆಟ್ರೋಲ್ ಯಾಕೆ ದ್ರವ, ಪ್ಲಾಸ್ಟಿಕ್ ಚೀಲ ಯಾಕೆ ಮೆತ್ತಗೆ, ಬಕೆಟ್ ಯಾಕೆ ಗಟ್ಟಿ? ಈ ಪ್ರಶ್ನೆಗಳ ಉತ್ತರದಲ್ಲಿ ದೊಡ್ಡ ಪಾಲು ಆ ಚಿತ್ರದಲ್ಲೇ ಇರುತ್ತದೆ. ಒಂದು ಹಾಳೆ, ಪೆನ್ಸಿಲ್, ರಬ್ಬರ್ ತೆಗೆದುಕೊಳ್ಳಿ.

ಮೊದಲು ಒಂದು ನಿಯಮ

ಕಾರ್ಬನ್‌ಗೆ ನಾಲ್ಕು ಕೈ, ಹೈಡ್ರೋಜನ್‌ಗೆ ಒಂದೇ ಕೈ. ಯಾವ ಕೈಯೂ ಖಾಲಿ ಇರಬಾರದು. ಹಾಳೆಯ ಮೇಲೆ ಒಂದು ಕಾರ್ಬನ್ ಬರೆದು, ಅದರಿಂದ ನಾಲ್ಕು ಗೆರೆ ಎಳೆದು, ತುದಿಗೊಂದು ಹೈಡ್ರೋಜನ್ ಇಡಿ. ಅದೇ ಮೀಥೇನ್.

ಈಗ ಎರಡು ಕಾರ್ಬನ್ ಅಕ್ಕಪಕ್ಕ ಬರೆದು ನಡುವೆ ಒಂದು ಗೆರೆ ಎಳೆಯಿರಿ. ಒಂದೊಂದಕ್ಕೂ ಮೂರು ಕೈ ಉಳಿಯಿತು, ಅಲ್ವಾ? ಆರು ಹೈಡ್ರೋಜನ್ ಹಾಕಿದರೆ ಈಥೇನ್. ಮೂರು ಕಾರ್ಬನ್‌ಗೆ ಎಂಟು ಹೈಡ್ರೋಜನ್, ಅದು ಪ್ರೊಪೇನ್. ನಾಲ್ಕಕ್ಕೆ ಹತ್ತು, ಬ್ಯುಟೇನ್. ಕಾರ್ಬನ್‌ಗಳ ಸಂಖ್ಯೆಯನ್ನು ಎರಡು ಪಟ್ಟು ಮಾಡಿ ಎರಡು ಕೂಡಿಸಿದರೆ ಹೈಡ್ರೋಜನ್‌ಗಳ ಸಂಖ್ಯೆ ಸಿಗುತ್ತದೆ. ಈ ಸೂತ್ರ ಎಲ್ಲಿಂದ ಬಂತು ಎಂಬುದೂ ಚಿತ್ರದಲ್ಲೇ ಕಾಣುತ್ತದೆ. ಪ್ರತಿ ಕಾರ್ಬನ್‌ಗೆ ಮೇಲೊಂದು, ಕೆಳಗೊಂದು ಹೈಡ್ರೋಜನ್. ಜೊತೆಗೆ ಸರಪಳಿಯ ಎರಡು ತುದಿಗೆ ಒಂದೊಂದು.

ಸರಪಳಿ ಉದ್ದವಾದಂತೆ ಅಣುಗಳು ಪರಸ್ಪರ ತಾಗುವ ಜಾಗ ಜಾಸ್ತಿಯಾಗುತ್ತದೆ, ಸೆಳೆತವೂ ಜಾಸ್ತಿಯಾಗುತ್ತದೆ. ಅವನ್ನು ಬಿಡಿಸಲು ಹೆಚ್ಚು ಶಾಖ ಬೇಕು. ಮೀಥೇನ್ ಕುದಿಯುವುದು ಮೈನಸ್ 161 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪ್ರೊಪೇನ್ ಮೈನಸ್ 42ರಲ್ಲಿ, ಬ್ಯುಟೇನ್ ಹೆಚ್ಚುಕಡಿಮೆ ಸೊನ್ನೆಯಲ್ಲಿ. ಹಾಗಾಗಿ ಅಡುಗೆ ಸಿಲಿಂಡರ್‌ನಲ್ಲಿ ತುಂಬುವ ಪ್ರೊಪೇನ್, ಬ್ಯುಟೇನ್ ಒತ್ತಡಕ್ಕೆ ದ್ರವವಾಗುತ್ತವೆ, ಹೊರಬಂದ ಕೂಡಲೇ ಅನಿಲವಾಗುತ್ತವೆ. ಐದು ಕಾರ್ಬನ್ ಇರುವ ಪೆಂಟೇನ್ 36 ಡಿಗ್ರಿಯಲ್ಲಿ ಕುದಿಯುತ್ತದೆ. ಪೆಟ್ರೋಲ್ ಸುಮಾರಾಗಿ ಇಲ್ಲಿಂದ ಶುರು. ಡೀಸೆಲ್‌ನ ಸರಪಳಿಗಳು ಇನ್ನೂ ಉದ್ದ. ಇಪ್ಪತ್ತು ಕಾರ್ಬನ್ ದಾಟಿದರೆ ಮೇಣ. ಕಚ್ಚಾ ತೈಲವನ್ನು ಕಾಯಿಸಿ ಬೇರೆ ಬೇರೆ ಇಂಧನವಾಗಿ ಬೇರ್ಪಡಿಸುವುದು ಈ ಕುದಿಬಿಂದುಗಳ ವ್ಯತ್ಯಾಸ ನಂಬಿಕೊಂಡೇ.

ಕವಲು ಹುಡುಕಿ

ಇಲ್ಲಿ ಸ್ವಲ್ಪ ನಿಧಾನ ಮಾಡಿ. ನನ್ನ ಪ್ರಕಾರ ಇಡೀ ವಿಷಯದ ಜೀವ ಇಲ್ಲೇ ಇದೆ.

ಐದು ಕಾರ್ಬನ್ ಸಾಲಾಗಿ ಬರೆಯಿರಿ. ಈಗ ಕೊನೆಯ ಕಾರ್ಬನ್ ಅಳಿಸಿ, ಎರಡನೆಯ ಕಾರ್ಬನ್‌ನ ಮೇಲೆ ಕೂರಿಸಿ. ಇನ್ನೊಂದು ಚಿತ್ರದಲ್ಲಿ ನಡುವೆ ಒಂದು ಕಾರ್ಬನ್ ಇಟ್ಟು ಸುತ್ತಲೂ ನಾಲ್ಕನ್ನು ಜೋಡಿಸಿ. ಮೂರರಲ್ಲೂ ಐದು ಕಾರ್ಬನ್, ಹನ್ನೆರಡು ಹೈಡ್ರೋಜನ್. ಆದರೂ ಮೂರೂ ಬೇರೆ ಬೇರೆ ವಸ್ತುಗಳು. ಮೊದಲನೆಯದು 36 ಡಿಗ್ರಿಯಲ್ಲಿ ಕುದಿದರೆ, ಎರಡನೆಯದು 28ರಲ್ಲಿ, ಮೂರನೆಯದು ಹತ್ತು ಡಿಗ್ರಿಗೂ ಮೊದಲೇ ಕುದಿಯುತ್ತದೆ. ಕವಲು ಹೆಚ್ಚಿದಂತೆ ಅಣು ದುಂಡಗಾಗುತ್ತದೆ, ಪಕ್ಕದ ಅಣುವಿಗೆ ತಾಗುವ ಜಾಗ ಕಡಿಮೆಯಾಗುತ್ತದೆ. ಇವೇ ರಚನಾ ಸಮಾಂಗಿಗಳು. ಹತ್ತು ಕಾರ್ಬನ್‌ಗೆ ಇಂಥ 75 ರಚನೆ ಬರೆಯಬಹುದು. ಇಪ್ಪತ್ತು ಕಾರ್ಬನ್‌ಗೆ 3,66,319!

ಬರೆಯುವಾಗ ಒಂದು ಎಚ್ಚರಿಕೆ. ಸರಪಳಿಯನ್ನು ಸುಮ್ನೆ ಬಗ್ಗಿಸಿ ಬರೆದರೆ ಹೊಸ ಅಣು ಆಗುವುದಿಲ್ಲ. ಅನುಮಾನ ಬಂದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಬೆರಳಿಟ್ಟುಕೊಂಡು ಹೋಗಿ, ಅತಿ ಉದ್ದದ ದಾರಿ ಯಾವುದು ನೋಡಿ. ಹೆಸರಿಡುವುದೂ ಆ ದಾರಿಯಿಂದಲೇ. ಕವಲು ಹತ್ತಿರವಿರುವ ತುದಿಯಿಂದ ಎಣಿಸಬೇಕು. ಮೇಲಿನ ಎರಡನೆಯ ಚಿತ್ರದಲ್ಲಿ ಉದ್ದದ ದಾರಿಯಲ್ಲಿ ನಾಲ್ಕು ಕಾರ್ಬನ್, ಎರಡನೆಯದರ ಮೇಲೆ ಒಂದು ಮೀಥೈಲ್ ಕವಲು, ಅಂದರೆ ಒಂದು ಕಾರ್ಬನ್, ಮೂರು ಹೈಡ್ರೋಜನ್ ಇರುವ ತುಂಡು. ಹಾಗಾಗಿ ಅದು 2-ಮೀಥೈಲ್‌ಬ್ಯುಟೇನ್.

ಎಂಜಿನ್‌ಗೂ ಈ ಕವಲು ಬೇಕು. ಏಳು ಕಾರ್ಬನ್ನಿನ ನೇರ ಸರಪಳಿ ಹೆಪ್ಟೇನ್ ಒತ್ತಡ ತಡೆಯಲಾರದೆ ಪೆಟ್ರೋಲ್ ಎಂಜಿನ್ನಿನಲ್ಲಿ ಹೊತ್ತಿಗೆ ಮೊದಲೇ ಹೊತ್ತಿಕೊಳ್ಳುತ್ತದೆ, ಟಕಟಕ ಬಡಿತ ಕೇಳಿಸುತ್ತದೆ. ಈ ಬಡಿತ ತಡೆಯುವ ಶಕ್ತಿಯ ಅಳತೆಯೇ ಆಕ್ಟೇನ್ ಸಂಖ್ಯೆ, ಹೆಪ್ಟೇನ್‌ಗೆ ಅದು 0. ಮೂರು ಕವಲಿರುವ ಐಸೋಆಕ್ಟೇನ್ ತಾಳಿಕೊಳ್ಳುತ್ತದೆ, ಅದಕ್ಕೆ 100. ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಇಲ್ಲ, ಇಂಧನ ತಾನಾಗಿಯೇ ಹೊತ್ತಿಕೊಳ್ಳಬೇಕು. ಅಲ್ಲಿನ ಅಳತೆ ಬೇರೆ, ಸೀಟೇನ್ ಸಂಖ್ಯೆ; ಅದರಲ್ಲಿ ಹದಿನಾರು ಕಾರ್ಬನ್ನಿನ ನೇರ ಸರಪಳಿ ಸೀಟೇನ್‌ಗೇ 100 ಅಂಕ.

ಉರಿಯುವ ಲೆಕ್ಕ

ಪ್ರೊಪೇನ್ ಉರಿಯುವ ಸಮೀಕರಣ ಸರಿದೂಗಿಸಲು ಒಂದು ಕ್ರಮ ಇಟ್ಟುಕೊಳ್ಳಿ: ಮೊದಲು ಕಾರ್ಬನ್, ಆಮೇಲೆ ಹೈಡ್ರೋಜನ್, ಕೊನೆಗೆ ಆಕ್ಸಿಜನ್. ಮೂರು ಕಾರ್ಬನ್, ಹಾಗಾಗಿ ಮೂರು ಕಾರ್ಬನ್ ಡೈಆಕ್ಸೈಡ್. ಎಂಟು ಹೈಡ್ರೋಜನ್, ಹಾಗಾಗಿ ನಾಲ್ಕು ನೀರು. ಒಟ್ಟು ಹತ್ತು ಆಕ್ಸಿಜನ್ ಪರಮಾಣು, ಅಂದರೆ ಐದು ಆಕ್ಸಿಜನ್ ಅಣು. ಬ್ಯುಟೇನ್‌ಗೆ ಹೀಗೇ ಮಾಡಿದರೆ ಆರೂವರೆ ಬರುತ್ತದೆ. ಗಾಬರಿ ಬೇಡ, ಎಲ್ಲವನ್ನೂ ಎರಡರಿಂದ ಗುಣಿಸಿ.

ಆ ಐದು ಆಕ್ಸಿಜನ್ ಸಿಗದಿದ್ದರೆ ಮಸಿಯೂ ಕಾರ್ಬನ್ ಮಾನಾಕ್ಸೈಡೂ ಹುಟ್ಟುತ್ತವೆ. ನೀಲಿ ಜ್ವಾಲೆ ಹಳದಿಯಾಗುವುದು ಕಾದ ಮಸಿಯ ಕಣಗಳಿಂದ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಆದರೆ ಪ್ರಾಣ ತೆಗೆಯುತ್ತದೆ. ಗಾಳಿಯಾಡದ ಕೋಣೆಯಲ್ಲಿ ಯಾವ ಇಂಧನವನ್ನೂ ಉರಿಸಬೇಡಿ.

ದ್ವಿಬಂಧ ಬಿಚ್ಚಿ, ಪಾಲಿಮರ್ ಬರೆಯಿರಿ

ಎರಡು ಕಾರ್ಬನ್ ನಡುವೆ ಈ ಸಲ ಎರಡು ಗೆರೆ ಎಳೆಯಿರಿ. ಉಳಿದ ನಾಲ್ಕು ಕೈಗೆ ನಾಲ್ಕು ಹೈಡ್ರೋಜನ್. ಇದು ಈಥೀನ್. ಈಗ ಆ ಎರಡು ಗೆರೆಯಲ್ಲಿ ಒಂದನ್ನು ಅಳಿಸಿ. ಎರಡೂ ಕಾರ್ಬನ್‌ಗೆ ಒಂದೊಂದು ಕೈ ಖಾಲಿಯಾಯಿತು. ಎಡಗಡೆ ಒಂದು, ಬಲಗಡೆ ಒಂದು ಗೆರೆ ಎಳೆದು ಪಕ್ಕದ ಈಥೀನ್‌ಗಳಿಗೆ ಸೇರಿಸಿ. ಹೀಗೆ ಸಾವಿರಾರು ಸೇರಿದರೆ ಪಾಲಿಥೀನ್. ಒಂದೇ ತುಂಡು ಮತ್ತೆ ಮತ್ತೆ ಬರುವ ಇಂಥ ಉದ್ದ ಸರಪಳಿಯೇ ಪಾಲಿಮರ್. ಈ ಒಂದು ತುಂಡನ್ನು ಆವರಣದೊಳಗೆ ಬರೆದು, ಎರಡೂ ಗೆರೆ ಆವರಣ ದಾಟಿ ಹೊರಗೆ ಬರುವಂತೆ ಎಳೆದರೆ ಪಾಲಿಮರ್ ಬರೆಯುವ ಸರಿಯಾದ ಕ್ರಮ.

1933ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ರೆಜಿನಾಲ್ಡ್ ಗಿಬ್ಸನ್ ಮತ್ತು ಎರಿಕ್ ಫಾಸೆಟ್ ಈಥೀನ್ ಅನ್ನು ಭಾರಿ ಒತ್ತಡಕ್ಕೆ ಒಳಪಡಿಸಿದಾಗ ಬಿಳಿ ಮೇಣದಂಥ ವಸ್ತು ಸಿಕ್ಕಿತು. ಅವರು ಹುಡುಕುತ್ತಿದ್ದದ್ದು ಅದನ್ನಲ್ಲ. ಹೆಚ್ಚು ಒತ್ತಡದಲ್ಲಿ ಬೆಳೆದ ಸರಪಳಿಗೆ ಅಲ್ಲಲ್ಲಿ ಕವಲು ಒಡೆಯುತ್ತದೆ. ಕವಲು ಅಡ್ಡ ಬಂದು ಸರಪಳಿಗಳು ಒತ್ತಾಗಿ ಕೂರುವುದಿಲ್ಲ, ಅದಕ್ಕೇ ಮೆತ್ತಗಿನ ಚೀಲದ ಪ್ಲಾಸ್ಟಿಕ್ ಸಿಗುತ್ತದೆ. 1953ರಲ್ಲಿ ಜರ್ಮನಿಯ ಕಾರ್ಲ್ ಜೀಗ್ಲರ್ ಕಡಿಮೆ ಒತ್ತಡದಲ್ಲೇ, ವೇಗವರ್ಧಕ ಬಳಸಿ, ಹೆಚ್ಚುಕಡಿಮೆ ಕವಲೇ ಇಲ್ಲದ ಸರಪಳಿ ಬೆಳೆಸಿದರು. ಅದು ಗಟ್ಟಿ, ಬಕೆಟ್, ಪೈಪ್‌ಗಳಿಗೆ ತಕ್ಕದ್ದು. ಡಬ್ಬಿಯ ತಳದ ತ್ರಿಕೋನದಲ್ಲಿ 4 ಎಂದಿದ್ದರೆ ಕವಲಿನ ಪಾಲಿಥೀನ್, 2 ಎಂದಿದ್ದರೆ ನೇರ ಪಾಲಿಥೀನ್.

ಈಥೀನ್‌ನ ಒಂದು ಹೈಡ್ರೋಜನ್ ಅಳಿಸಿ ಅಲ್ಲಿ ಮೀಥೈಲ್ ಬರೆದು ಇದೇ ಕೆಲಸ ಮಾಡಿ, ಪಾಲಿಪ್ರೊಪಿಲೀನ್ ಸಿಗುತ್ತದೆ. ತ್ರಿಕೋನದಲ್ಲಿ ಅದರ ಸಂಖ್ಯೆ 5. ಮೀಥೈಲ್‌ಗಳೆಲ್ಲ ಒಂದೇ ಬದಿಗಿದ್ದರೆ ಗಟ್ಟಿ ಪ್ಲಾಸ್ಟಿಕ್, ಅಡ್ಡಾದಿಡ್ಡಿಯಾಗಿದ್ದರೆ ಅಂಟಂಟಾದ ಮೆದು ವಸ್ತು. ಇದನ್ನು ಬಿಡಿಸಿ ತೋರಿಸಿದ ಇಟಲಿಯ ಜೂಲಿಯೊ ನಾಟ್ಟಾ ಅವರಿಗೂ ಜೀಗ್ಲರ್‌ಗೂ 1963ರ ನೊಬೆಲ್ ಪ್ರಶಸ್ತಿ ಬಂತು. ಮೀಥೈಲ್ ಜಾಗದಲ್ಲಿ ಕ್ಲೋರಿನ್ ಬರೆದರೆ ಪಿವಿಸಿ, ಬೆಂಜೀನ್ ಉಂಗುರ (ಆರು ಕಾರ್ಬನ್‌ಗಳ ಉಂಗುರ) ಬರೆದರೆ ಪಾಲಿಸ್ಟೈರೀನ್. ನೀರಿನ ಬಾಟಲಿಯ ಪೆಟ್ ಮಾತ್ರ ಈ ದಾರಿಯಲ್ಲಿ ಬರುವುದಿಲ್ಲ. ಅದರಲ್ಲಿ ದ್ವಿಬಂಧ ಬಿಚ್ಚುವುದಿಲ್ಲ. ಎರಡು ಬಗೆಯ ಅಣುಗಳು ಸೇರುವಾಗ ಪ್ರತಿ ಜೋಡಣೆಗೂ ಒಂದು ಚಿಕ್ಕ ಅಣು, ಸಾಮಾನ್ಯವಾಗಿ ನೀರು, ಹೊರಬೀಳುತ್ತದೆ.