ಆಟಿಯ ಮಳೆಯಲ್ಲಿ ಕಾವಲಿ, ಕತ್ತಿಯ ಜೋಪಾನ

ಕಾಸರಗೋಡಿನ ಆಟಿ (ತುಳು ತಿಂಗಳು, ಜುಲೈ-ಆಗಸ್ಟ್) ಮಳೆಗೆ ಕಬ್ಬಿಣ ತುಕ್ಕು ಹಿಡಿಯಲು ಒಂದು ರಾತ್ರಿ ಸಾಕು. ಕಬ್ಬಿಣ ಗಾಳಿಯ ಆಮ್ಲಜನಕದೊಡನೆ ಸೇರಿ ತುಕ್ಕಾಗಬೇಕಾದರೆ ನೀರಿನ ಪಸೆ ಬೇಕು. ಕುಂಬಳೆ, ಮಂಜೇಶ್ವರದಂಥ ಕಡಲ ಬದಿಯಲ್ಲಿ ಗಾಳಿಯ ಉಪ್ಪು ಅದನ್ನು ಇನ್ನೂ ಚುರುಕು ಮಾಡುತ್ತದೆ. ತುಕ್ಕು ಸಡಿಲವಾದ ಪುಡಿ, ಪಸೆ ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಅಡಿಯ ಕಬ್ಬಿಣವೂ ಹಾಳಾಗುತ್ತಾ ಹೋಗುತ್ತದೆ. ಕಂಡ ದಿನವೇ ತೆಗೆಯಿರಿ.

ನಿಂಬೆಗಾತ್ರದ ಹುಣಸೆಹುಳಿಯನ್ನು ದಪ್ಪಕ್ಕೆ ಕಿವುಚಿ ಕಾವಲಿಗೆ (ದೋಸೆ ಹೊಯ್ಯುವ ಕಬ್ಬಿಣದ ಹಂಚಿಗೆ) ಬಳಿದು, ಅರ್ಧ ಗಂಟೆಯ ನಂತರ ತೆಂಗಿನ ನಾರಿನಿಂದ ತಿಕ್ಕಿ. ರಾತ್ರಿಯಿಡೀ ಬಿಡಬೇಡಿ; ತುಕ್ಕು ಮುಗಿದ ಮೇಲೆ ಹುಳಿ ಕಬ್ಬಿಣವನ್ನೇ ತಿಂದು ಮೈಯೆಲ್ಲ ಗುಳಿ ಮಾಡುತ್ತದೆ. ಕೊನೆಯ ಸಲ ತೊಳೆಯುವ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿದರೆ ಉಳಿದ ಹುಳಿ ಹೋಗುತ್ತದೆ. ತೊಳೆದ ಕೂಡಲೇ ಒಲೆಯ ಮೇಲಿಟ್ಟು ಒಣಗಿಸಿ. ಬರೀ ಬಟ್ಟೆಯಲ್ಲಿ ಒರಸಿಟ್ಟರೆ ನೋಡುನೋಡುತ್ತಿದ್ದಂತೆ ಮತ್ತೆ ಕೆಂಪಾಗುತ್ತದೆ.

ಇನ್ನು ಎಣ್ಣೆ. ನಮ್ಮಲ್ಲಿ ಎಲ್ಲದಕ್ಕೂ ತೆಂಗಿನೆಣ್ಣೆಯೇ, ಆದರೆ ಕಾವಲಿ ಪಳಗಿಸಲು ಅದು ಒಳ್ಳೆಯದಲ್ಲ. ಕಾಯಿಸಿದರೆ ಅದು ಎಳ್ಳೆಣ್ಣೆಯಷ್ಟು ಚೆನ್ನಾಗಿ ಗಟ್ಟಿ ಪದರವಾಗುವುದಿಲ್ಲ. ಎಳ್ಳೆಣ್ಣೆ ಅರ್ಧ ಚಮಚ ಸವರಿ, ಒಣಬಟ್ಟೆಯಲ್ಲಿ ಇಲ್ಲವೆಂಬಷ್ಟು ಒರಸಿ ತೆಗೆದು, ಹೊಗೆ ಬರುವವರೆಗೆ ಕಾಯಿಸಿ ಆರಲು ಬಿಡಿ. ಹೀಗೆ ನಾಲ್ಕು ಸಲ. ಎಣ್ಣೆ ಹೆಚ್ಚಾದರೆ ಅಂಟಂಟಾಗಿ, ತೆಳ್ಳವು (ತೆಳು ದೋಸೆ) ಏಳುವುದೇ ಇಲ್ಲ. ಹೊಸದಾಗಿ ಪಳಗಿಸಿದ ಕಾವಲಿಯಲ್ಲಿ ಪುನರ್ಪುಳಿ, ಟೊಮೆಟೊದಂಥ ಹುಳಿ ಹಾಕಿದ್ದನ್ನು ಬೇಯಿಸಬೇಡಿ. ಕತ್ತಿ, ಹಾರೆ, ಪಿಕ್ಕಾಸಿಗೆ ಮಾತ್ರ ತೆಂಗಿನೆಣ್ಣೆ ಧಾರಾಳ ಸಾಕು.

ಬಾಳೆಕಾಯಿ ಹೆಚ್ಚಿದಾಗ ಮೆಟ್ಟುಕತ್ತಿ (ಈಳಿಗೆಮಣೆ) ಕಪ್ಪಾಗುವುದು ತುಕ್ಕಲ್ಲ. ಕಾಯಿಯ ಒಗರು ಕಬ್ಬಿಣದೊಡನೆ ಸೇರಿದ್ದು. ಹಿಂದಿನವರು ಒಗರಾದ ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ (ಕಬ್ಬಿಣದ ಲವಣ) ಹಾಕಿ ಶಾಯಿ ಮಾಡುತ್ತಿದ್ದದ್ದೂ ಇದೇ ಗುಣದಿಂದ. ಅಲಗಿಗೆ ಎಣ್ಣೆ ಸವರಿ ಹೆಚ್ಚಿ, ಹೋಳನ್ನು ಮಜ್ಜಿಗೆ ನೀರಿಗೆ ಹಾಕಿ.

ಬೋರ್‌ವೆಲ್ ನೀರಿನಲ್ಲಿ ಕಬ್ಬಿಣ ಇದೆಯೇ ಎಂದು ತಿಳಿಯಲೂ ಇದೇ ಉಪಾಯ: ಒಂದು ಲೋಟ ನೀರಿಗೆ ಎರಡು ಚಮಚ ಹಾಲಿಲ್ಲದ ಚಹಾ ಡಿಕಾಕ್ಷನ್ ಹಾಕಿ. ಚಹಾದಲ್ಲೂ ಒಗರಿದೆ. ಕಪ್ಪು ಛಾಯೆ ಬಂದರೆ ಕಬ್ಬಿಣ ಇದ್ದೀತು. ಆ ನೀರಿನಿಂದ ಬಟ್ಟೆಗೆ ಕೆಂಪು ಕಲೆಯಾದರೆ ಬ್ಲೀಚಿಂಗ್ ಪುಡಿ ಹಾಕಬೇಡಿ, ಕಲೆ ಇನ್ನೂ ಕಚ್ಚಿಕೊಳ್ಳುತ್ತದೆ. ನಿಂಬೆರಸ, ಉಪ್ಪು ಹಚ್ಚಿ ಒಂದು ಗಂಟೆ ಬಿಸಿಲಿಗಿಟ್ಟು, ಬೇರೆ ನೀರಿನಲ್ಲಿ ಜಾಲಿಸಿ. ಬಣ್ಣದ ಬಟ್ಟೆಯಾದರೆ ಮೊದಲು ಒಳಮಡಿಕೆಯಲ್ಲಿ ಹಚ್ಚಿ ನೋಡಿ.