ಒಂದು ವಾರ್ಡಿನಲ್ಲಿ ಸುಸ್ಥಿರ ಅಭಿವೃದ್ಧಿ ಗುರಿಗಳ ಪರಿಶೀಲನೆ: ನನ್ನ ಅನುಭವ

ವಿಶ್ವಸಂಸ್ಥೆ 2015ರಲ್ಲಿ ಅಂಗೀಕರಿಸಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳತ್ತ ತಾವು ಎಷ್ಟು ದೂರ ಸಾಗಿದ್ದೇವೆಂದು ನಗರಗಳೇ ಪರಿಶೀಲಿಸಿ ವರದಿ ಸಲ್ಲಿಸುವ ಪದ್ಧತಿಗೆ 2018ರಲ್ಲಿ ನ್ಯೂಯಾರ್ಕ್ ನಾಂದಿ ಹಾಡಿತು. ಭಾರತದಲ್ಲಿ ಆ ಕೆಲಸವನ್ನು 2023ರಲ್ಲಿ ಮೊದಲು ಮಾಡಿದ್ದು ಭೋಪಾಲ್. ಬೆಂಗಳೂರಿನ ಹೊರವಲಯದ ನಮ್ಮ ವಾರ್ಡಿಗೆ ಅಂಥದ್ದೊಂದು ಪರಿಶೀಲನೆ ಮಾಡಲು ನಾವು ಕೆಲವು ನಿವಾಸಿಗಳು ಮುಂದಾದಾಗ, ನೀರು ಮತ್ತು ಸಾರಿಗೆ ಎಂಬ ಎರಡೇ ವಿಷಯಗಳನ್ನು ಆರಿಸಿಕೊಂಡೆವು.

ಮೊದಲು ಎದುರಾದದ್ದು ಗಡಿಯ ತೊಡಕು. ಜಲಮಂಡಳಿಯ ಉಪವಿಭಾಗ, ಬೆಸ್ಕಾಂ ಉಪವಿಭಾಗ ಮತ್ತು ವಾರ್ಡು ಒಂದರ ಮೇಲೊಂದು ಕೂರುವುದಿಲ್ಲ. ಜನಸಂಖ್ಯೆಗೆ ಸಿಗುವುದು 2011ರ ಜನಗಣತಿ. ಅದು ಆಗಿನ 198 ವಾರ್ಡುಗಳ ಲೆಕ್ಕ. ಆದ್ದರಿಂದ ತಲಾವಾರು ಅಂಕಿಗಳನ್ನು ಕೈಬಿಟ್ಟು, ಬೀದಿಯನ್ನೇ ಅಳತೆಯ ಘಟಕವಾಗಿ ಇಟ್ಟುಕೊಂಡೆವು.

ಹೆಚ್ಚು ಶ್ರಮ ಬೇಡಿದ್ದು ನೀರು. ಗುರಿಗಳತ್ತ ಪ್ರಗತಿ ಅಳೆಯಲು ವಿಶ್ವಸಂಸ್ಥೆ ಇಟ್ಟಿರುವ ಸೂಚಕಗಳಲ್ಲಿ 6.1.1ರ ಪ್ರಕಾರ ಕುಡಿಯುವ ನೀರು ಮನೆಯ ಆವರಣದಲ್ಲೇ ಇರಬೇಕು, ಬೇಕಾದಾಗ ಸಿಗಬೇಕು, ಕಲುಷಿತವಾಗಿರಬಾರದು. ಕಡತಗಳು ಹೇಳುವುದು ಸಂಪರ್ಕಗಳ ಸಂಖ್ಯೆಯನ್ನು ಮಾತ್ರ. ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಆದರೆ ಕೊಳವೆ ಬಂದ ಬೀದಿಯಲ್ಲಿ ನೀರು ಯಾವ ದಿನ, ಎಷ್ಟು ಹೊತ್ತು ಬರುತ್ತದೆಂಬುದನ್ನು ಮನೆಯವರನ್ನೇ ಕೇಳಬೇಕು. ಹಾಗೆ ಕೇಳುತ್ತ ಹೋದಾಗ, ಒಂದೇ ಸಂಪರ್ಕದ ಹಿಂದೆ ಹಲವು ಬಾಡಿಗೆ ಮನೆಗಳಿರುವುದೂ, ಕಟ್ಟಡ ಕಾರ್ಮಿಕರ ಶೆಡ್ಡುಗಳು ಯಾವ ಲೆಕ್ಕಕ್ಕೂ ಸೇರದೆ ಟ್ಯಾಂಕರನ್ನೇ ನಂಬಿರುವುದೂ ಕಂಡವು. ಯಾರನ್ನೂ ಹಿಂದೆ ಬಿಡಬಾರದೆಂಬುದು ಈ ಗುರಿಗಳ ಮೂಲ ಸಂಕಲ್ಪವಾದ್ದರಿಂದ, ಶೆಡ್ಡುಗಳ ವಿವರವನ್ನು ಅನುಬಂಧಕ್ಕೆ ತಳ್ಳದೆ ವರದಿಯ ಮೊದಲ ಪುಟದಲ್ಲೇ ಇಟ್ಟೆವು. ನೀರಿನ ಪ್ರಶ್ನೆಗಳನ್ನು ಬೇಸಿಗೆಯಲ್ಲೊಮ್ಮೆ, ಮಳೆಗಾಲದ ನಂತರ ಇನ್ನೊಮ್ಮೆ ಕೇಳಲೇಬೇಕು. ಕೊಳವೆಬಾವಿಗಳಿರುವ ಕಡೆ ಒಂದು ಋತುವಿನ ಉತ್ತರವನ್ನು ವರ್ಷದ ಉತ್ತರವೆಂದು ಬರೆಯುವುದು ಜನರಿಗೆ ಮಾಡುವ ಅನ್ಯಾಯ.

ಸಾರಿಗೆಯ ಅಳತೆ ಸುಲಭವಾಗಿತ್ತು. ಬಸ್ ನಿಲ್ದಾಣ 500 ಮೀಟರಿನೊಳಗೆ, ಮೆಟ್ರೋ ನಿಲ್ದಾಣ 1 ಕಿಲೋಮೀಟರಿನೊಳಗೆ ಇರಬೇಕೆಂಬುದು 11.2.1 ಸೂಚಕದ ಮಾನದಂಡ. ರಾಜಕಾಲುವೆ ಮತ್ತು ಬಡಾವಣೆಗಳ ಕಾಂಪೌಂಡುಗಳನ್ನು ಸುತ್ತಿಕೊಂಡು ಹೋಗಬೇಕಾದ್ದರಿಂದ, ನಕ್ಷೆಯಲ್ಲಿ ವೃತ್ತ ಎಳೆಯದೆ ನಡೆಯುವ ದಾರಿಯನ್ನೇ ಅಳೆದೆವು.

2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರದಿಯನ್ನು ಮಂಡಿಸಲು ಚುನಾಯಿತ ಸಭೆಯೇ ಇರಲಿಲ್ಲ. ಹೀಗಾಗಿ ಪ್ರತಿ ಕೊರತೆಯ ಎದುರು ಬೀದಿಯ ಹೆಸರನ್ನೂ ಹೊಣೆ ಹೊತ್ತ ಇಲಾಖೆಯನ್ನೂ ನಮೂದಿಸಿ ಆಯಾ ಅಧಿಕಾರಿಗಳಿಗೆ ಬೇರೆ ಬೇರೆಯಾಗಿ ಕೊಟ್ಟು, ಸ್ವೀಕೃತಿ ಪಡೆದೆವು. ಮುಂದಿನ ಪರಿಶೀಲನೆಯನ್ನು ಯಾರೇ ಮಾಡಲಿ, ವಾರ್ಡಿನ ಗಡಿ ಬದಲಾದರೂ ಇದೇ ಬೀದಿಗಳಲ್ಲಿ ಇದೇ ಪ್ರಶ್ನೆಗಳನ್ನು ಕೇಳಿ ಹೋಲಿಸಲು ಸಾಧ್ಯವಾಗುವಂತೆ ಪ್ರಶ್ನಾವಳಿಯನ್ನು ವರದಿಗೆ ಲಗತ್ತಿಸಿದ್ದೇವೆ.